ಶೇವಂತಾಬಾಯಿಯ ಫಾರ್ಸಿ

ಶೇವಂತಾಬಾಯಿ ಫಾರ್ಸಿ ಕಲಿಯಲು ಹೋಗುತ್ತೇನೆಂದು ಹೇಳಿದಾಗ ಮನೆಯಲ್ಲಿ ಯಾರೂ ಅದನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ಊಟಕ್ಕೆ ಕುಳಿತಿದ್ದರು. ಸೊಸೆ ಕರುಣಾ ಮೂರು ವರ್ಷದ ಮಗಳು ಸಾಂಚಿಯ ಬಾಯಿಗೆ ತುತ್ತು ಹಿಡಿದಿದ್ದಳು. ಮಗ ಗೌರವ ಫೋನಿನಲ್ಲಿ ಏನೋ ನೋಡುತ್ತಿದ್ದ. ಗಂಡ ಕಾಶೀರಾಮ ಮಾತ್ರ ರೊಟ್ಟಿ ಮುರಿಯುತ್ತ ತಲೆಯೆತ್ತಿದ.

"ಫರಸಿ ಯಾಕ ಈಗ? ಇದ್ದ ಫರಸಿ ಏನಾಗ್ಯಾವ?" ಎಂದು ನೆಲಕ್ಕೆ ಹಾಸಿದ ಕಲ್ಲುಗಳನ್ನು ನೋಡಿದ.

"ಫರಸಿ ಅಲ್ರಿ, ಫಾರ್ಸಿ. ಭಾಷಾ."

"ಯಾರ ಭಾಷಾ?"

"ಇರಾನ್ ಮಂದೀದು ಅಂತ. ಯುನಿವರ್ಸಿಟಿಯವರು ಊರ ಮಂದಿಗಿ ಪುಗಸಟ್ಟೆ ಕಲಸ್ತಾರ. ಹಾಜಿರಾ ಆಪಾ ಹೋಗ್ಲತ್ತಾಳ. ನಂಗೂ ಬಾ ಅಂದಾಳ. ಬುಧವಾರ, ಶನಿವಾರ, ಮಧ್ಯಾಹ್ನದಾಗ."

"ಹೋಗಿ ಕೂತು ಬಾ" ಎಂದು ಕಾಶೀರಾಮ ಸಾರಿಗೆ ಕೈ ಹಾಕಿದ. ಮಹಿಳಾ ಸಂಘದ ಮೀಟಿಂಗಿಗೆ ಹೋದಂತೆ ಎರಡು ಸಲ ಹೋಗಿ ಬೇಸರವಾಗಿ ಬಿಡುತ್ತಾಳೆ ಎಂದು ಅವನು ತಿಳಿದಿದ್ದ.

ಕಾಶೀರಾಮ ಭಾಲ್ಕಿ ಡಿಪೋದಲ್ಲಿ ಕಂಡಕ್ಟರನಾಗಿದ್ದು ನಿವೃತ್ತನಾದವನು. ಬೀದರಿನಲ್ಲಿ ಮನೆ ಕಟ್ಟಿಸಿ ಬಹಳ ವರ್ಷಗಳಾಗಿದ್ದವು. ಗೌರವ ಖಾಸಗಿ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದ. ಕರುಣಾ ಔರಾದ ತಾಲೂಕಿನ ಠಾಣಾ ಕುಶನೂರಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಬೆಳಗಿನ ಬಸ್ಸು ಹಿಡಿದರೆ ಅವಳು ಮರಳಿ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ಸಾಂಚಿಯ ಊಟ, ನಿದ್ದೆ, ಅಳು, ಆಟ ಎಲ್ಲ ಶೇವಂತಾಬಾಯಿಯ ಪಾಲು. ಮನೆಯ ಗಾಡಿ ಹಾಗೆ ಓಡುತ್ತಿತ್ತು. ಅದನ್ನು ಯಾರು ಓಡಿಸುತ್ತಾರೆಂದು ಯಾರೂ ಕೇಳಿರಲಿಲ್ಲ.

ಹಾಜಿರಾಬೀ ಹಿಂದಿನ ಓಣಿಯವಳು, ಶೇವಂತಾಬಾಯಿಗಿಂತ ಹತ್ತು ವರ್ಷ ದೊಡ್ಡವಳು. ಮಗ ಮುನೀರೋದ್ದೀನನದು ಗಾಡಿಗಳ ಬಿಡಿಭಾಗಗಳ ಅಂಗಡಿ. ಮೊಮ್ಮಗಳು ಅಂಬರೀನ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದಳು. ಫಾರ್ಸಿ ಭಾಷೆ ಮತ್ತು ಸಂಸ್ಕೃತಿಯ ಸಂಭ್ರಮ ಎಂದು ಆ ವರ್ಷ ವಿಶ್ವವಿದ್ಯಾಲಯದವರು ಒಂದು ಕಾರ್ಯಕ್ರಮ ಹಾಕಿಕೊಂಡಿದ್ದರು. ಮೂರು ತಿಂಗಳ ಕ್ಲಾಸು, ಕೊನೆಯಲ್ಲಿ ನೌರೋಜ್, ಅಂದರೆ ಇರಾನಿನ ಹೊಸ ವರ್ಷದ ಹಬ್ಬ. ಕೋಟೆಯ ಬಾಗಿಲ ಮೇಲೆ, ಮದರಸಾದ ಗೋಡೆಯ ಮೇಲೆ ಬರೆದದ್ದನ್ನು ಊರವರೇ ಓದಲಾರದೆ ಹೋದರೆ ಹೇಗೆ ಎಂಬುದು ಅವರ ಮಾತು. ವಿದ್ಯಾರ್ಥಿಗಳು ಸೇರಿದ್ದರು, ಊರ ಹೆಂಗಸರು ಸೇರಿರಲಿಲ್ಲ. ಅಂಬರೀನ ಅಜ್ಜಿಯ ಬೆನ್ನು ಹತ್ತಿದಳು. ಒಬ್ಬಳೇ ಹೋಗಲು ಹೆದರಿ ಅಜ್ಜಿ ಶೇವಂತಾಬಾಯಿಯ ಬೆನ್ನು ಹತ್ತಿದಳು.

ಊರ ನಡುವಿನ ಚೌಬಾರಾ ಗೋಪುರದ ಹತ್ತಿರ ಒಂದು ಸಭಾಭವನದಲ್ಲಿ ಕ್ಲಾಸು. ಕಲಿಸುವವಳು ಹೈದರಾಬಾದಿನಿಂದ ಬಂದ ಅಂಜುಮ ಮೇಡಂ. ಮೊದಲ ದಿನ ಎಲ್ಲರೂ ಬಲದಿಂದ ಎಡಕ್ಕೆ ಅಕ್ಷರ ತಿದ್ದಿದರು. ಹಾಜಿರಾಬೀಗೆ ಉರ್ದು ಬರುತ್ತಿತ್ತು, ಆದ್ದರಿಂದ ಅಕ್ಷರ ಹೊಸದಲ್ಲ. ಅವಳು ಶೇವಂತಾಬಾಯಿಯ ಬೆರಳು ಹಿಡಿದು ತಿದ್ದಿಸಿದಳು. ತವರೂರು ಖಟಕ ಚಿಂಚೋಳಿಯಲ್ಲಿ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ತೊಗರಿ ಹೊಲಕ್ಕೆ ಹೋದ ಬೆರಳು ಅದು. ಪಕ್ಕದಲ್ಲಿ ಕುಳಿತಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರರು ಅಕ್ಷರವನ್ನು ತಲೆಕೆಳಗಾಗಿ ಬರೆದು ಮೇಡಂ ಕಡೆಯಿಂದ ಎರಡು ಸಲ ತಿದ್ದಿಸಿಕೊಂಡರು. ಶೇವಂತಾಬಾಯಿ ಒಂದೇ ಸಲ ತಿದ್ದಿಸಿಕೊಂಡಳು. ಅದನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಆದರೆ ಅಂದು ಸಂಜೆ ರೊಟ್ಟಿ ಬಡಿಯುವಾಗ ತನ್ನಷ್ಟಕ್ಕೆ ನಕ್ಕಳು.

"ದರವಾಜಾ, ದೀವಾರ, ಬಾಜಾರ, ಚಾದರ, ಎಲ್ಲಾ ಫಾರ್ಸಿನೇ ಅಂತ" ಎಂದು ಊಟಕ್ಕೆ ಕುಳಿತಾಗ ಹೇಳಿದಳು. "ನಾವು ದಿನಾ ಫಾರ್ಸಿ ಮಾತಾಡ್ತೇವಂತ."

"ಹಂಗಾದ್ರ ಕಲಿಯೂದೇನ್ ಉಳೀತವ್ವ?" ಎಂದ ಗೌರವ.

ಶೇವಂತಾಬಾಯಿಗೂ ಅದು ಹೌದೆನ್ನಿಸಿತು. ಆದರೂ ಶನಿವಾರ ಹೋದಳು. ಅದರ ಮುಂದಿನ ಬುಧವಾರವೂ ಹೋದಳು.

ಶನಿವಾರ ಕರುಣಾಗೆ ಅರ್ಧ ದಿನವೇ ಶಾಲೆ; ತೊಂದರೆ ಶುರುವಾದದ್ದು ಬುಧವಾರಗಳಲ್ಲಿ. ಆ ಮಧ್ಯಾಹ್ನ ಮೊಮ್ಮಗಳನ್ನು ಕಾಶೀರಾಮ ನೋಡಿಕೊಳ್ಳಬೇಕು. ಅವನು ಹಾಲು ಒಲೆಯ ಮೇಲಿಟ್ಟು ಮರೆತ. ಸಾಂಚಿಯ ಜಡೆ ಬಿಚ್ಚಿದ, ಮತ್ತೆ ಹೆಣೆಯಲು ಬರಲಿಲ್ಲ. ಒಂದು ದಿನ ಮಗು ಮೈಮೇಲೆ ಸಾರು ಸುರುವಿಕೊಂಡಿತು. ಬೇರೆ ಅಂಗಿ ಎಲ್ಲಿದೆ ಎಂದು ಕೇಳಲು ಅವನು ಠಾಣಾ ಕುಶನೂರಿಗೆ ಫೋನು ಮಾಡಿದ.

ಅಂದು ಸಂಜೆ ಕರುಣಾ ಚಪ್ಪಲಿ ಬಿಡುವ ಮೊದಲೇ ಮಾತು ತೆಗೆದಳು.

"ಅತ್ತಿ, ನಾ ಅಲ್ಲಿ ಕ್ಲಾಸಿನಾಗ ನಿಂತಿರ್ತೇನಿ. ಹೆಡ್‌ಮಾಸ್ತರ ಎದುರಿಗಿರ್ತಾರ. ಮನಿಂದ ಅಂಗಿ ಎಲ್ಲವ ಅಂತ ಫೋನ್ ಬರ್ತದ. ಚಂದ ಕಾಣಸ್ತದೇನ್ರಿ?"

"ಟ್ರಂಕಿನ ಮ್ಯಾಲೇ ಇಟ್ಟಿದ್ದೆ" ಎಂದಳು ಶೇವಂತಾಬಾಯಿ.

"ಮ್ಯಾಲಿತ್ತು ಖರೆ, ನಂಗ ಕಾಣಲಿಲ್ಲ" ಎಂದ ಕಾಶೀರಾಮ.

"ಮೂವತ್ತು ವರ್ಷ ಬಸ್ಸಿನಾಗ ಟಿಕೇಟ್ ಇಲ್ಲದವರು ಕಾಣಸ್ತಿದ್ರು. ಮೊಮ್ಮಗಳ ಅಂಗಿ ಕಾಣಸಲಿಲ್ಲ?" ಎಂದು ಶೇವಂತಾಬಾಯಿ ಗಂಡನನ್ನು ಕೇಳಿದಳು.

ಗೌರವ ನಕ್ಕ. ಕಾಶೀರಾಮ ನಗಲಿಲ್ಲ. ಕರುಣಾ ನೀರು ಕುಡಿದು, ಅತ್ತೆಯ ಪಕ್ಕದಲ್ಲಿ ಕುಳಿತು ಸಮಾಧಾನದಿಂದ ಕೇಳಿದಳು. "ಇದು ಕಲ್ತು ಏನಾಗ್ತದ ಅಂತ ನಂಗ ಒಮ್ಮೆ ಹೇಳ್ರಿ ಅತ್ತಿ. ನಾ ಆಮ್ಯಾಲ ಏನೂ ಅನ್ನಾದಿಲ್ಲ."

ಶೇವಂತಾಬಾಯಿ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ಯೋಚಿಸಿದಳು. "ಏನಾಗ್ತದೋ ನಂಗೂ ತಿಳೀವಲ್ದು."

"ಮತ್ತ?"

"ಹೋಗ್ಬೇಕು ಅನಸ್ತದ."

"ಇಂಗ್ಲಿಷ್ ಕಲೀತೀನಿ ಅಂದಿದ್ರ ನಾನೇ ಕಲಸ್ತಿದ್ದೆನಲ್ರಿ."

"ನೀ ಕಲಸ್ತಿ, ನಾ ತಪ್ಪಿದ್ರ ಸಾಂಚಿ ಮುಂದ ನಗ್ತಿ. ಅಲ್ಲಿ ಎಲ್ಲಾರೂ ತಪ್ತಾರ."

ಕರುಣಾಗೆ ಇದು ಬೈಗುಳವೋ, ಹೊಗಳಿಕೆಯೋ, ಸುಮ್ಮನೆ ಹೇಳಿದ ಮಾತೋ ಗೊತ್ತಾಗಲಿಲ್ಲ. ಅವಳು ಎದ್ದು ಮಗುವಿನ ಅಂಗಿಗಳನ್ನೆಲ್ಲ ಕೆಳಗಿನ ಗೂಡಿಗೆ ಇಳಿಸಿದಳು, ಮಾವನ ಕಣ್ಣಿಗೆ ಬೀಳುವ ಹಾಗೆ.

ರಂಜಾನ್ ಬಂದಾಗ ಕ್ಲಾಸನ್ನು ಬೆಳಗಿಗೆ ಬದಲಿಸಿದರು. ಆ ಮೊದಲ ವಾರವೇ ಶೇವಂತಾಬಾಯಿ ಕರೆಯಲು ಹೋದಾಗ ಹಾಜಿರಾಬೀಯ ಮನೆಯಲ್ಲಿ ಜಗಳ ನಡೆದಿತ್ತು. ಮುನೀರೋದ್ದೀನ ಅಂಗಡಿಗೆ ಹೊರಟವನು ಬಾಗಿಲಲ್ಲೇ ನಿಂತಿದ್ದ. ಅಂಬರೀನ ಅವನಿಗೆ ಅಡ್ಡವಾಗಿ ನಿಂತಿದ್ದಳು.

"ಇರಾನದಾಗ ಮುಸಲ್ಮಾನರೇ ಮಾಡ್ತಾರ ಅಬ್ಬಾ ಈ ನೌರೋಜ್ ಹಬ್ಬ."

"ಅವರು ಮಾಡ್ಲಿ. ಅವರ ರಿವಾಜ ಅವರಿಗಿ. ಇದು ಹಳೇ ಕಾಲದಾಗ ಬೆಂಕಿ ಪೂಜಾ ಮಾಡವರ ಹಬ್ಬ ಅಂತ ತಿಳದವರು ಹೇಳ್ಯಾರ. ಅಮ್ಮಿ ಈ ವಯಸ್ಸಿನಾಗ ಅಲ್ಲಿ ಹೋಗಿ ಯಾಕ ಕೂಡ್ಬೇಕು?"

"ಹಂಗಾದ್ರ ನಾ?"

"ನಿಂದು ಓದು. ಅದು ಬ್ಯಾರೆ."

"ಒಂದ ಹಬ್ಬ. ನಂಗ ಓದು, ದಾದಿಗಿ ಪಾಪ?" ಎಂದು ಅಂಬರೀನ ಒಳಗಿದ್ದ ಅಜ್ಜಿಯ ಕಡೆ ಕೈ ಮಾಡಿದಳು.

ಮುನೀರೋದ್ದೀನ ಗಾಡಿಯ ಕೀಲಿ ತೆಗೆದ. ಅವನು ಕೆಟ್ಟವನಲ್ಲ. ಶೇವಂತಾಬಾಯಿಯನ್ನು ನೋಡಿ ದನಿ ಇಳಿಸಿದ. "ಖಾಲಾ, ನಿಮಗೇನೂ ಅನ್ನಾಂಗಿಲ್ರಿ. ನೀವು ಹೋಗ್ರಿ. ಅಮ್ಮಿ ಮಾತ್ರ ಬರಾಂಗಿಲ್ಲ" ಎಂದು ಹೇಳಿ ಗಾಡಿ ಹತ್ತಿ ಹೋದ.

ಹಾಜಿರಾಬೀ ಒಳಗೆ ಜಪಮಣಿಯ ತಸಬೀ ಹಿಡಿದು ಕುಳಿತಿದ್ದಳು. "ಈದ್ ಆಗ್ಲಿ ಶೇವಂತಾ, ಆಮ್ಯಾಲ ನೋಡಮ್" ಎಂದಳು. ಅಷ್ಟು ಹೇಳಿ ಗೋಡೆಯ ಕಡೆ ಮುಖ ಮಾಡಿದಳು.

ಶೇವಂತಾಬಾಯಿ ಓಣಿಯ ಕೊನೆಯವರೆಗೆ ಬಂದು ನಿಂತಳು. ಎಡಕ್ಕೆ ಹೋದರೆ ಮನೆ, ಬಲಕ್ಕೆ ಹೋದರೆ ಚೌಬಾರಾ. ಜೊತೆಗಾತಿ ಬಿಟ್ಟ ಮೇಲೆ ತಾನೂ ಬಿಡುವುದೇ ನ್ಯಾಯವೆನ್ನಿಸಿತು. ಆಟೋದವನೊಬ್ಬ ಬಂದು, "ಎಲ್ಲಿಗ್ರಿ ಅಕ್ಕಾ?" ಎಂದು ಕೇಳಿದ. ಅವಳ ಬಾಯಿಂದ "ಚೌಬಾರಾ" ಎಂದು ಬಂದುಬಿಟ್ಟಿತು.

ಅಂದಿನಿಂದ ಒಬ್ಬಳೇ ಹೋದಳು. ಹಾಜಿರಾಬೀಯ ಕಿಟಕಿಯ ಮುಂದೆ ಹಾದುಹೋಗುವಾಗ ಕಾಲು ಬೇಗ ಎತ್ತಿ ಹಾಕುತ್ತಿದ್ದಳು. ಒಮ್ಮೆ ಕಿಟಕಿಯಲ್ಲಿ ಮುಖ ಕಂಡಿತು. ಇಬ್ಬರೂ ನೋಡಿದರು, ಇಬ್ಬರೂ ಕರೆಯಲಿಲ್ಲ. ಈದ್ ದಿನ ಎಂದಿನಂತೆ ಶೀರಖುರ್ಮಾ ಪಾಯಸ ಬಂದಿತು, ಆದರೆ ತಂದವಳು ಅಂಬರೀನ.

ಈದಿಗೂ ಮೊದಲೇ ಅಂಜುಮ ಮೇಡಂ ಹಬ್ಬದ ತಯಾರಿ ಹಂಚಿದ್ದರು. ನೌರೋಜಿಗೆ ಒಂದು ಮೇಜು ಜೋಡಿಸುತ್ತಾರೆ, ಅದರ ಮೇಲೆ ಸಕಾರದಿಂದ ಶುರುವಾಗುವ ಏಳು ಪದಾರ್ಥ ಇರಬೇಕು. ಸೇಬು ಒಬ್ಬರು ತರುವುದು, ಸಿರ್ಕಾ ಅಂದರೆ ವಿನೆಗರ್ ಒಬ್ಬರು. ಸೀರ್ ಎಂದರೆ ಬೆಳ್ಳುಳ್ಳಿ, ಅದನ್ನು ಬ್ಯಾಂಕ್ ಮ್ಯಾನೇಜರರು ಒಪ್ಪಿಕೊಂಡರು. ಸಬ್ಜೆ ಎಂದರೆ ತಟ್ಟೆಯಲ್ಲಿ ಮೊಳೆಸಿದ ಗೋಧಿಯ ಹಸಿರು ಸಸಿ. ಅದನ್ನು ಯಾರು ಬೆಳೆಸುತ್ತೀರಿ ಎಂದು ಕೇಳಿದಾಗ ಶೇವಂತಾಬಾಯಿ ಕೈಯೆತ್ತಿದಳು. ಈದ್ ಮುಗಿದ ನಂತರದ ಭಾನುವಾರ ಹಬ್ಬ ಎಂದು ಗೊತ್ತಾಯಿತು.

ಅವಳು ಗೋಧಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಸ್ಟೀಲಿನ ತಟ್ಟೆಯಲ್ಲಿ ಹರಡಿ ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ಬಿಸಿಲು ಜೋರಾಗಿತ್ತು. ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದಳು. ನಾಲ್ಕೈದು ದಿನಗಳಲ್ಲಿ ತಟ್ಟೆ ಹಸಿರಾಯಿತು.

ಮೊದಲು ಕಂಡವನು ಗೌರವ. ಅವನು ತಾಯಿಯನ್ನು ಒಂದು ಕಡೆ ಕರೆದ.

"ಅವ್ವ, ಶುಗರ್ ಬಂದದ ಅಂತ ನಂಗ ಯಾಕ ಹೇಳಿಲ್ಲ?"

"ಯಾರಿಗಿ?"

"ನಿಂಗ. ಗೋಧಿ ಹುಲ್ಲಿನ ರಸ ಕುಡೀಲಾಕ ತಾನೆ ಇದು? ನಮ್ಮ ಲ್ಯಾಬಿಗಿ ಬರಾವ್ರೆಲ್ಲ ಅದ ಕುಡೀತಾರ."

ಅಲ್ಲವೆಂದು ಅವಳು ಹೇಳಿದರೂ ಅವನು ನಂಬಲಿಲ್ಲ. ಮರುದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಅವಳ ತೋಳಿನಿಂದ ರಕ್ತ ತೆಗೆದು ಒಯ್ದ. ಸಂಜೆ ಬಂದು, "ಏನೂ ಇಲ್ಲ, ಎಲ್ಲಾ ಸರಿ ಅದ" ಎಂದವನ ಮುಖದಲ್ಲಿ ಮೊದಲಿಗಿಂತ ಹೆಚ್ಚು ಗೊಂದಲವಿತ್ತು.

ಕಾಶೀರಾಮ ತಟ್ಟೆಯನ್ನು ನೋಡಿದ್ದು ನೀರು ಕುಡಿಯಲು ಒಳಗೆ ಬಂದಾಗ. ಲೋಟ ಕೈಯಲ್ಲಿ ಹಿಡಿದೇ ನಿಂತ.

"ಶೇವಂತಾ, ಇದೇನು? ಘಟ ಕುಂಡ್ರಿಸೀಯೇನು?"

ದಸರೆಯಲ್ಲಿ ಆ ಕಡೆಯ ಮನೆಗಳಲ್ಲಿ ದೇವಿಯ ಮುಂದೆ ಹೀಗೇ ಕಾಳು ಮೊಳೆಸುತ್ತಾರೆ. ಕಾಶೀರಾಮನ ತಂದೆ ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಮನೆಯ ಘಟ, ದೇವರು, ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ಹಳ್ಳಕ್ಕೆ ಬಿಟ್ಟು ಬಂದವನು. ಕಾಶೀರಾಮ ಹುಟ್ಟಿ ಬೆಳೆದ ಮನೆಯಲ್ಲಿ ಮತ್ತೆಂದೂ ಘಟ ಕೂತಿರಲಿಲ್ಲ.

"ಘಟ ಅಲ್ರಿ, ಸಬ್ಜೆ. ನೌರೋಜಕ್ಕ."

"ಹೆಸರು ಏನರೆ ಇರಲಿ. ಕಾಳು ತಟ್ಟ್ಯಾಗ ಹಾಕಿ, ನೀರು ಹೊಡದು, ಹಬ್ಬಕ್ಕ ಇಡೂದು. ಘಟ ಅಲ್ದೆ ಏನಿದು?"

"ಇರಾನದಾಗೂ ಇಡ್ತಾರಂತ."

"ನಮ್ಮಪ್ಪ ಬಿಟ್ಟು ಬಂದಿದ್ದು ಇರಾನ್ ಸುತ್ತಿ ನನ್ನ ಅಡಗಿ ಮನ್ಯಾಗ ಬಂತೇನು?"

ಶೇವಂತಾಬಾಯಿಗೆ ನಗು ಬಂತು. ಅವನಿಗೆ ಸಿಟ್ಟು ಹೆಚ್ಚಾಯಿತು. ಹೊರಗಿನ ಕೋಣೆಯಲ್ಲಿದ್ದ ಬಾಬಾಸಾಹೇಬರ ಫೋಟೋದ ಕಡೆ ಕೈ ಮಾಡಿದ. "ಕಲೀರಿ ಅಂತ ಅವರು ಹೇಳ್ಯಾರ, ಖರೆ. ಫಾರ್ಸಿ ಕಲೀರಿ ಅಂತ ಹೇಳಿಲ್ಲ."

"ಫಾರ್ಸಿ ಬ್ಯಾಡ ಅಂತನೂ ಹೇಳಿಲ್ಲಲ್ರಿ."

ಅವನು ಲೋಟವನ್ನು ಅಲ್ಲೇ ಬಿಟ್ಟು ಹೋದ. ರಾತ್ರಿ ರೊಟ್ಟಿ ಬೇಡವೆಂದ. ಸ್ವಲ್ಪ ಹೊತ್ತಾದ ಮೇಲೆ ತಾನೇ ಬಂದು ಮುಚ್ಚಿಟ್ಟ ರೊಟ್ಟಿ ತೆಗೆದು ತಿಂದ. ತಟ್ಟೆ ಮಾತ್ರ ಕಿಟಕಿಯಲ್ಲೇ ಇತ್ತು.

ಹಬ್ಬಕ್ಕೆ ಇನ್ನೂ ಮೂರ್ನಾಲ್ಕು ದಿನ ಇರುವಾಗ ಕ್ಲಾಸಿನವರದೊಂದು ಫೋಟೋ ಫೋನುಗಳಲ್ಲಿ ಓಡಾಡಿತು. ತಾಲೀಮಿನ ದಿನ ವಿಶ್ವವಿದ್ಯಾಲಯದವರು ಎಲ್ಲ ಹೆಂಗಸರಿಗೂ ಒಂದೇ ತರಹದ ಹಸಿರು ಓಢಣಿ ಕೊಟ್ಟಿದ್ದರು. ಬಿಸಿಲಿತ್ತು, ಎಲ್ಲರೂ ತಲೆಯ ಮೇಲೆ ಹೊದ್ದುಕೊಂಡಿದ್ದರು. ಮುಂದಿನ ಸಾಲಿನಲ್ಲಿ ಶೇವಂತಾಬಾಯಿ ಕಣ್ಣು ಕಿರಿದು ಮಾಡಿ ನಿಂತಿದ್ದಳು.

ಫೋಟೋ ಖಟಕ ಚಿಂಚೋಳಿಗೂ ಹೋಯಿತು. ಶುಕ್ರವಾರ ಅವಳ ಅಣ್ಣ ವೈಜಿನಾಥ, ಹೆಂಡತಿ ಶಾಲುಬಾಯಿಯನ್ನು ಕರೆದುಕೊಂಡು ಭಾಲ್ಕಿಗೆ ಬಂದು, ಅಲ್ಲಿಂದ ಬಸ್ಸು ಬದಲಿಸಿ ಬೀದರಿಗೆ ಬಂದ. ಫೋನು ಮಾಡದೆ ಬಂದದ್ದರಿಂದಲೇ ಏನೋ ಇದೆ ಎಂದು ಶೇವಂತಾಬಾಯಿಗೆ ಗೊತ್ತಾಯಿತು. ಅಣ್ಣನೆಂದು ಮಟನ್ ತರಿಸಿದಳು. ಸಾರು ಕುದಿಯುವಾಗ ಹೊರಗೆ ಮಾತು ಶುರುವಾಗಿತ್ತು.

"ಊರಾಗ ಮಂದಿ ಬಾಯಿಗಿ ಬಂದಂಗ ಅನ್ಲತ್ತಾರ ಪಾವಣೇರ" ಎಂದ ವೈಜಿನಾಥ, ತಂಗಿಯ ಗಂಡನಿಗೆ. "ನಿನ್ನ ತಂಗಿ ಮುಸಲ್ಮಾನ ಆಗ್ಯಾಳೇನು ಅಂತ ಕಟ್ಟಿ ಮ್ಯಾಲ ಕೂತು ಕೇಳ್ತಾರ. ನಾ ಏನ್ ಹೇಳ್ಲಿ?"

"ಆಗಿಲ್ಲ ಅಂತ ಹೇಳ್ರಿ" ಎಂದ ಕಾಶೀರಾಮ.

"ತಲಿ ಮ್ಯಾಲ ಸೆರಗ ಬಿಟ್ಟು ಓಢಣಿ ಯಾಕ ಮತ್ತ?"

"ಬಿಸಲು."

ಅಷ್ಟರಲ್ಲಿ ವೈಜಿನಾಥ ಕೈ ತೊಳೆಯಲು ಒಳಗೆ ಬಂದ, ಕಿಟಕಿಯ ತಟ್ಟೆ ನೋಡಿದ. ಹೊರಗೆ ಹೋದವನ ದನಿ ಮೊದಲಿಗಿಂತ ದೊಡ್ಡದಾಗಿತ್ತು. "ಘಟ ಬ್ಯಾರೆ ಕುಂಡ್ರಿಸ್ಯಾಳ! ನಮ್ಮ ಹಿರೇರು ದೀಕ್ಷಾ ತಗೊಂಡಿದ್ದು ಇದಕ್ಕೇನು? ಕೈಯಾಗ ಹಿಡದು ಬೆಳೆಸಿದ ತಂಗಿ ಹಿಂದೂ ಆಗ್ಯಾಳ ಅನ್ಲೋ, ಮುಸಲ್ಮಾನ ಆಗ್ಯಾಳ ಅನ್ಲೋ?"

"ಒಂದ ಸಲಕ್ಕ ಎರಡೂ ಹ್ಯಾಂಗ ಆಗ್ತಾಳ್ರಿ?" ಎಂದ ಕಾಶೀರಾಮ.

ತಾನು ಆಡಿದ ಮಾತು ಯಾರ ಕಡೆಗಿದೆ ಎಂದು ಅವನಿಗೇ ಆಶ್ಚರ್ಯವಾಯಿತು. ಮೂರು ದಿನದ ಹಿಂದೆ ಘಟವೆಂದು ಬೈದವನು ಅವನೇ. ವೈಜಿನಾಥ ಬಿಡಲಿಲ್ಲ. ಮಾತು ಬೆಳೆಯಿತು. ನಿಮ್ಮ ಮನಿ, ನಮ್ಮ ಮನಿ ಎಂದಾಯಿತು. ಮದುವೆಯಲ್ಲಿ ಯಾರು ಯಾರಿಗೆ ಮಾನ ಕೊಡಲಿಲ್ಲ ಎಂಬಲ್ಲಿಗೂ ಹೋಯಿತು. ಸಾಂಚಿ ಅಳತೊಡಗಿದಳು. ಶೇವಂತಾಬಾಯಿ ಸಾರಿನ ಒಲೆ ಆರಿಸಿ, ಮಗುವನ್ನು ಎತ್ತಿಕೊಂಡು ಹೊರಗೆ ಬಂದು, "ಅಣ್ಣ, ಮೊದಲು ಉಣ್ಣು ಬಾ" ಎಂದಳು.

ಒಳಗಿದ್ದ ಶಾಲುಬಾಯಿಗೆ ಜಗಳವೆಂದರೆ ಮೊದಲಿನಿಂದಲೂ ಭಯ. ಎಲ್ಲದಕ್ಕೂ ಕಾರಣ ಈ ತಟ್ಟೆ, ಇದೇ ಇಲ್ಲದಿದ್ದರೆ ಗಂಡಸರು ಸುಮ್ಮನಾಗುತ್ತಾರೆ ಎಂದು ಅವಳಿಗೆ ತೋರಿತು. ತಟ್ಟೆ ತೆಗೆದುಕೊಂಡು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋದಳು. ಪಕ್ಕದ ಮನೆಯ ಆಡು ಕಟ್ಟಿತ್ತು. ಮರಳಿ ಬಂದು ತಟ್ಟೆ ತೊಳೆದು ಮಗುಚಿಟ್ಟು, "ಆಯ್ತು ಬಿಡ್ರಿ, ತಗದು ಹಾಕೀನಿ, ಇನ್ನ ಜಗಳ ಬ್ಯಾಡ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಶೇವಂತಾಬಾಯಿ ಮಗುವನ್ನು ಇಳಿಸಿ ಒಳಗೆ ಓಡಿದಳು. ಖಾಲಿ ಕಿಟಕಿ ನೋಡಿದಳು. ತೊಳೆದ ತಟ್ಟೆ ನೋಡಿದಳು. ಹಿತ್ತಿಲಲ್ಲಿ ಆಡು ಇನ್ನೂ ಬಾಯಾಡಿಸುತ್ತಿತ್ತು.

ಅವಳು ಜೋರಾಗಿ ಮಾತಾಡಿದ್ದನ್ನು ಆ ಮನೆ ಕೇಳಿರಲಿಲ್ಲ.

"ಅದು ನಂದು!" ಎಂದಳು. "ಯಾರ ದೇವರದೂ ಅಲ್ಲ, ಯಾರ ಜಾತೀದೂ ಅಲ್ಲ. ನಾ ನೆನಸಿದ್ದೆ, ನಾ ನೀರ ಹೊಡದಿದ್ದೆ. ಈ ಮನ್ಯಾಗ ನಂದು ಅಂತ ಏನದ? ಅಕ್ಕಿ ನಿಮ್ದು, ಬ್ಯಾಳಿ ನಿಮ್ದು, ಕೂಸು ನಿಮ್ದು. ಒಂದ ತಟ್ಟಿ ಗೋಧಿ ನಂದಿತ್ತು. ಕೇಳಬಾರದೇನ್ ವೈನಿ ನಂಗ ಒಂದ ಮಾತು?"

ಶಾಲುಬಾಯಿ ಅಳತೊಡಗಿದಳು. "ನಾ ಚಲೋದಕ್ಕ ಮಾಡ್ದೆ ಶೇವಂತಾ..."

ವೈಜಿನಾಥ ಮಟನ್ ಸಾರು ಮುಟ್ಟದೆ ಬಸ್ಸಿನ ಹೊತ್ತಾಯಿತೆಂದು ಎದ್ದ. ಬಾಗಿಲಲ್ಲಿ ತಂಗಿಯ ಕಡೆ ತಿರುಗಿ ಏನೋ ಹೇಳಬೇಕೆಂದವನು, "ಬರ್ತೀನವ್ವ" ಎಂದಷ್ಟೇ ಹೇಳಿದ. ಸಂಜೆ ಬಂದ ಕರುಣಾಗೆ ಯಾರೂ ಮುಟ್ಟದ ಸಾರಿನ ಪಾತ್ರೆ, ಮುಚ್ಚಿದ ಕೋಣೆಯ ಕದ ಕಂಡವು; ಅತ್ತೆ ಒಳಗೆ ಮಲಗಿದ್ದಳು. ಕಾಶೀರಾಮ ನಡೆದದ್ದನ್ನು ಹೇಳಿದ. ಅವಳು ತಾನೇ ರೊಟ್ಟಿಗೆ ಕುಳಿತಳು. ದಿನವಿಡೀ ನಿಂತ ಕಾಲು ನೋಯುತ್ತಿತ್ತು, ರೊಟ್ಟಿ ಅಂಚು ಒಡೆದವು. ಒಂದು ತಟ್ಟೆ ಬಡಿಸಿಕೊಂಡು ಹೋಗಿ ಕದ ಬಡಿದಳು.

"ಅತ್ತಿ, ಉಣ್ರಿ. ರೊಟ್ಟಿ ನನ್ನವು, ಒಡದಾವ. ನಗಬ್ಯಾಡ್ರಿ."

ಸ್ವಲ್ಪ ಹೊತ್ತಿಗೆ ಕದ ತೆರೆಯಿತು.

ಭಾನುವಾರ ಶೇವಂತಾಬಾಯಿ ಬರಿಗೈಯಲ್ಲಿ ಹೋದಳು. ಗೋಧಿ ಆಡು ತಿಂದಿತೆಂದು ಮೇಡಂಗೆ ಹೇಳುವುದು ಹೇಗೆಂದು ದಾರಿಯುದ್ದಕ್ಕೂ ಯೋಚಿಸಿದಳು. ಗೌರವ ಡ್ಯೂಟಿಯಲ್ಲಿದ್ದ. ಕರುಣಾ ಮಗುವಿನ ಜೊತೆ ಬಂದಳು. ಕಾಶೀರಾಮ ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ, ಬೆಳಿಗ್ಗೆಯೇ ಎಲ್ಲೋ ಹೋಗಿದ್ದ.

ಸಭಾಭವನ ತುಂಬಿತ್ತು. ಮೇಜಿನ ಮೇಲೆ ಸೇಬು, ಸಿರ್ಕಾ, ನಾಣ್ಯ, ಬ್ಯಾಂಕ್ ಮ್ಯಾನೇಜರರ ಬೆಳ್ಳುಳ್ಳಿ. ಮಧ್ಯದ ಜಾಗ ಖಾಲಿಯಿತ್ತು. ಮೇಡಂ ಅವಳ ಕಥೆ ಕೇಳಿ ನಕ್ಕರು, ಬೆನ್ನು ತಟ್ಟಿದರು. ಅಷ್ಟರಲ್ಲಿ ಬಾಗಿಲಲ್ಲಿ ಕಾಶೀರಾಮ ಕಂಡ. ಬಿಳಿ ಅಂಗಿ ಹಾಕಿದ್ದ, ಬೆವೆತಿದ್ದ. ಎರಡೂ ಕೈಯಲ್ಲಿ ದೊಡ್ಡ ದೊಡ್ಡ ಮೆಂತೆ ಸೊಪ್ಪಿನ ಸೂಡು, ಕೊತ್ತಂಬರಿ, ಸಬ್ಬಸಗಿ.

"ಸಬ್ಜಿ ಬೇಕಿತ್ತಲ್ಲ" ಎಂದ. "ಸಂತ್ಯಾಗ ಎಲ್ಲಾ ಬಾಡಿದ್ದೇ ಇತ್ತು. ಮನ್ನಳ್ಳಿ ಹೊಲಕ್ಕ ಹೋಗಿ ಕಿತ್ತಿಸ್ಕೊಂಡು ಬಂದೆ."

"ಸಬ್ಜಿ ಅಲ್ರಿ, ಸಬ್ಜೆ. ಅದು ಗೋಧಿ..." ಎಂದಳು ಶೇವಂತಾಬಾಯಿ.

"ಇದು ನಡೆಯಂಗಿಲ್ಲೇನು?"

ಅವಳು ಮೇಡಂ ಕಡೆ ನೋಡಿದಳು. ಮೇಡಂಗೆ ಕನ್ನಡ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಆದರೂ ಸೂಡುಗಳನ್ನು ತೆಗೆದುಕೊಂಡು ಮೇಜಿನ ನಡುವೆ ಇಟ್ಟರು. ಸಭಾಭವನದಲ್ಲೆಲ್ಲ ಮೆಂತೆಯ ವಾಸನೆ ಹರಡಿತು.

ಕಲಿತವರೆಲ್ಲ ಒಬ್ಬೊಬ್ಬರಾಗಿ ವೇದಿಕೆಗೆ ಹೋಗಿ ಎರಡು ವಾಕ್ಯ ಹೇಳಬೇಕಿತ್ತು. ಶೇವಂತಾಬಾಯಿ ಮೈಕಿನ ಮುಂದೆ ನಿಂತು ಸೆರಗು ಸರಿಮಾಡಿಕೊಂಡಳು. "ನಾಮೆ ಮನ್ ಶೇವಂತಾ ಅಸ್ತ್" ಎಂದಳು, ನನ್ನ ಹೆಸರು ಶೇವಂತಾ. ತನ್ನ ಮನೆ ಬೀದರಿನಲ್ಲಿದೆ ಎಂದಳು. ಅಲ್ಲಿಗೆ ಕಲಿಸಿದ್ದು ಮುಗಿಯಿತು. ಆದರೆ ಅವಳು ಇಳಿಯಲಿಲ್ಲ. ತಡವರಿಸುತ್ತ ಇನ್ನೂ ಎರಡು ವಾಕ್ಯ ಹೇಳಿದಳು. ನಡುವೆ ಒಮ್ಮೆ "ಕಾಶೀರಾಮ" ಎಂಬುದು ಸ್ಪಷ್ಟವಾಗಿ ಕೇಳಿಸಿತು. ಮುಂದಿನ ಸಾಲಿನಲ್ಲಿ ಫಾರ್ಸಿ ಬಲ್ಲವರು ನಕ್ಕು ಚಪ್ಪಾಳೆ ತಟ್ಟಿದರು. ಹಿಂದಿದ್ದವರು ಏಕೆಂದು ತಿಳಿಯದೆ ತಟ್ಟಿದರು. ಕಾಶೀರಾಮನೂ ತಟ್ಟಿದ, ಅತ್ತ ಇತ್ತ ನೋಡುತ್ತ.

ಮನೆಗೆ ಬರುವಾಗ ಕರುಣಾ ಮಗುವನ್ನು ಎತ್ತಿಕೊಂಡು ಮುಂದೆ ನಡೆದಳು. ಕಾಶೀರಾಮ ಹೆಂಡತಿಯ ಪಕ್ಕಕ್ಕೆ ಬಂದ.

"ನನ್ನ ಬಗ್ಗಿ ಏನ್ ಅಂದಿ?"

"'ನನ್ನ ಗಂಡ ಕಾಶೀರಾಮ, ಯಾಕ ಕಲೀತಿ ಅಂತ ಕೇಳ್ತಾನ. ಯಾಕೋ ನಂಗೂ ಗೊತ್ತಿಲ್ಲ' ಅಂದೆ."

"ಅಷ್ಟೇನಾ?"

"ಅಷ್ಟೇ."

"ಅದ್ರಾಗ ನಗೂ ಅಂಥಾದ್ದೇನದ?" ಎಂದು ಕೇಳಿದ. ಅವಳಿಗೂ ತಿಳಿದಿರಲಿಲ್ಲ.

ಮುಂದಿನ ಬುಧವಾರ ಕ್ಲಾಸಿರಲಿಲ್ಲ. ಶೇವಂತಾಬಾಯಿ ಸೀರೆ ಬದಲಿಸಿ ಅಂಗಳಕ್ಕೆ ಬಂದ ಮೇಲೆ ಅದು ನೆನಪಾಯಿತು. ಕಾಶೀರಾಮ ಕಟ್ಟೆಯ ಮೇಲೆ ಕುಳಿತು ಸಾಂಚಿಗೆ ಜಡೆ ಹಾಕಲು ನೋಡುತ್ತಿದ್ದ. "ಎಲ್ಲಿಗಿ?" ಎಂದ. ಅವಳು ಕೈ ತೋರಿಸಿ ಹಿಂದಿನ ಓಣಿಗೆ ನಡೆದಳು.

ಹಾಜಿರಾಬೀ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. ಶೇವಂತಾಬಾಯಿ ಹೇಳಿಸಿಕೊಳ್ಳದೆ ಎದುರಿಗೆ ಕುಳಿತು ಮೊರದ ಇನ್ನೊಂದು ಬದಿಯಿಂದ ಕಲ್ಲು ಹೆಕ್ಕತೊಡಗಿದಳು.

"ನಾ ಕರ್ಕೊಂಡು ಹೋದಾಕಿ" ಎಂದಳು ಹಾಜಿರಾಬೀ ಕೊನೆಗೆ. "ನಾ ಬಿಟ್ಟೆ. ನೀ ಬಿಡ್ಲಿಲ್ಲ. ನನ್ನ ಕಿಟಕಿ ಮುಂದಿಂದಾನೆ ಹೋದಿ."

"ಬಿಡ್ಬೇಕಿತ್ತೇನ್ ಆಪಾ?"

"ಹೌ! ಬಿಡ್ಬೇಕಿತ್ತು." ಒಂದು ಕಲ್ಲು ಹೆಕ್ಕಿ ಎಸೆದು, "ಏನೋ ಮಾ... ನೀ ಬಿಟ್ಟಿದ್ರ ನಂಗ ಇನ್ನಾ ಕೆಟ್ಟ ಅನಸ್ತಿತ್ತು" ಎಂದಳು. ಕಣ್ಣಿನಲ್ಲಿ ನೀರಿತ್ತು. ಓಢಣಿಯ ತುದಿಯಿಂದ ಒರೆಸಿಕೊಂಡು ನೆಟ್ಟಗೆ ಕುಳಿತಳು. "ಇರಲಿ. ನಿನ ಮ್ಯಾಲ ನಂಗ ಸಿಟ್ಟದ. ಅದಕ್ಕ ಫಾರ್ಸಿದಾಗ ಹ್ಯಾಂಗ ಅಂತಾರ, ಹೇಳು."

ಶೇವಂತಾಬಾಯಿ ನೆನಪಿಸಿಕೊಳ್ಳಲು ನೋಡಿದಳು, ಬರಲಿಲ್ಲ. "ನಮೀದಾನಮ್" ಎಂದಳು.

ಹಾಜಿರಾಬೀ ಕ್ಲಾಸು ಬಿಟ್ಟ ಮೇಲೆ ಮೇಡಂ ಕಲಿಸಿದ ಮಾತದು. ಅವಳು ಅದನ್ನು ಬಾಯಲ್ಲಿ ಎರಡು ಸಲ ಹೊರಳಿಸಿ ನೋಡಿದಳು. ಆಮೇಲೆ ಹುಬ್ಬು ಗಂಟಿಕ್ಕಿ, ಗೆಳತಿಯ ಮುಖಕ್ಕೆ ಬೆರಳು ಹಿಡಿದು ಬಿರುಸಿನಿಂದ, "ಶೇವಂತಾ, ನಮೀದಾನಮ್!" ಎಂದಳು.

ಶೇವಂತಾಬಾಯಿಗೆ ನಗು ತಡೆಯಲಾಗಲಿಲ್ಲ. ಮೊರದಲ್ಲಿದ್ದ ಅಕ್ಕಿ ಚೆಲ್ಲಿತು.

"ನಗಬ್ಯಾಡ! ಸಿಟ್ಟಿನಾಗ ಇದ್ದೀನಿ ನಾ."

"ಅದು ಸಿಟ್ಟಲ್ಲ ಆಪಾ... ನಮೀದಾನಮ್ ಅಂದ್ರ ನಂಗ ಗೊತ್ತಿಲ್ಲ ಅಂತ!"

ಹಾಜಿರಾಬೀ ಬೆರಳನ್ನು ಹಾಗೇ ಹಿಡಿದು ಅವಳನ್ನು ನೋಡಿದಳು. ಆಮೇಲೆ ಅವಳಿಗೂ ನಗು ಬಂತು, ಕೆಮ್ಮು ಬರುವಷ್ಟು ನಕ್ಕಳು. ಊಟಕ್ಕೆಂದು ಅಂಗಡಿಯಿಂದ ಬಂದ ಮುನೀರೋದ್ದೀನ ಬಾಗಿಲಲ್ಲಿ ನಿಂತು, ಚೆಲ್ಲಿದ ಅಕ್ಕಿಯನ್ನೂ ಕಣ್ಣೊರೆಸಿಕೊಳ್ಳುತ್ತಿದ್ದ ಇಬ್ಬರನ್ನೂ ನೋಡಿದ.

"ಅಮ್ಮಿ, ಏನ್ ನಡದದ ಇಲ್ಲಿ?"

ಹಾಜಿರಾಬೀ ಅದೇ ಬೆರಳನ್ನು ಮಗನ ಕಡೆ ತಿರುಗಿಸಿದಳು.

"ನಮೀದಾನಮ್!" ಎಂದಳು.